ದಂಡಿಗನಹಳ್ಳಿ ತೋಟದ ಹೆಲಿಕಾಪ್ಟರು

ದಿನಾಂಕ 16-2-2009, ಸೋಮವಾರ. ಬೆಳಿಗ್ಗೆ 10.20ಕ್ಕೆ ಚನ್ನರಾಯಪಟ್ಟಣದ ಠಾಣೆಗೆ ಮರಿಯಮ್ಮ ಎಂಬ ಹೆಂಗಸು ಬಂದಳು. ಸೆರಗಿನ ತುಂಬ ಒಣಗಿದ ರಕ್ತ. ಹೆಡ್ ಕಾನ್‌ಸ್ಟೇಬಲ್ ಸಣ್ಣಯ್ಯ ಕುರ್ಚಿ ಎಳೆದು ಕೊಟ್ಟ. ಆಕೆ ನೆಲದ ಮೇಲೇ ಕುಳಿತಳು.

“ಯಾರ ರಕ್ತ ತಾಯಿ?”

“ನಮ್ಮೋರ್ದು ಸಾ. ಎಲಿಕಾಪ್ಟ್ರು ಕಾಲಿಗೆ ಒಡೀತು.”

ಮೂವತ್ತೊಂದು ವರ್ಷದ ನೌಕರಿಯಲ್ಲಿ ಸಣ್ಣಯ್ಯ ಮಚ್ಚಿನ ಪೆಟ್ಟು ಕಂಡಿದ್ದ, ಗುದ್ದಲಿ ಪೆಟ್ಟು ಕಂಡಿದ್ದ, ಒಂದು ಸಲ ಒನಕೆ ಪೆಟ್ಟನ್ನೂ ಕಂಡಿದ್ದ. ಈ ಮಾತು ಹೊಸದು. ನಿಧಾನವಾಗಿ ಕೇಳಿ ಬರೆದುಕೊಂಡ. ಹೊಳೆನರಸೀಪುರದ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಯೋಗಾನರಸಿಂಹ ರಿಮೋಟಿನಿಂದ ಹಾರುವ ದೊಡ್ಡ ಹೆಲಿಕಾಪ್ಟರೊಂದನ್ನು ಮಾಡಿದ್ದರು. ಆಟಿಕೆಯೇ ಆದರೂ ರೆಕ್ಕೆ ಬಿಚ್ಚಿದರೆ ಆಳುದ್ದ. ಹೊಟ್ಟೆಗೆ ಕ್ಯಾಮೆರಾ ಕಟ್ಟಿ, ತೆಂಗಿನ ಸುಳಿಗೆ ಹುಳ ಬಿದ್ದಿದೆಯೋ ಇಲ್ಲವೋ ಮರ ಹತ್ತದೆಯೇ ನೋಡಬಹುದೆಂದು ಅವರ ಲೆಕ್ಕ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ದಂಡಿಗನಹಳ್ಳಿಯ ತೋಟವೊಂದರಲ್ಲಿ ಅದನ್ನು ತಿರುಗಿಸಿದಾಗ ರೆಕ್ಕೆ ಕಿತ್ತು ಬಂದು ಮರಿಯಮ್ಮನ ಗಂಡ ಅಣ್ಣಯ್ಯನ ಕಾಲಿಗೆ ಬಡಿದಿತ್ತು. ಅಣ್ಣಯ್ಯ ತೆಂಗಿನಮರ ಹತ್ತಿ ಕಾಯಿ ಕೀಳುವವನು.

ಸಬ್ ಇನ್ಸ್‌ಪೆಕ್ಟರ್ ನೀಲಾಂಬಿಕೆ ದೂರು ಓದಿ, ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯ ಮತ್ತು ತೀವ್ರ ಗಾಯ ಎಂದು ಭಾರತೀಯ ದಂಡ ಸಂಹಿತೆಯ ಕಲಂ 287, 338ರಡಿ ಎಫ್.ಐ.ಆರ್. ದಾಖಲಿಸಿದರು. ಆರೋಪಿಯ ಕಾಲಂನಲ್ಲಿ ಒಂದೇ ಹೆಸರು: ಯೋಗಾನರಸಿಂಹ.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಯಂತ್ರ ನಿಂತಿದ್ದ ಜಾಗದಿಂದ ಅಣ್ಣಯ್ಯ ಕುಳಿತಿದ್ದ ಮರದ ಬುಡಕ್ಕೆ ಹದಿನಾಲ್ಕು ಮೀಟರು. ರೆಕ್ಕೆ ಮರದಲ್ಲಿ ಮಾಡಿದ್ದು, ಅದರ ಬುಡ ಸೀಳಿತ್ತು. ಯಂತ್ರದೊಳಗಿನ ಮೋಟಾರು ಸೀಬೆಕಾಯಿ ಗಾತ್ರ. ಸಣ್ಣಯ್ಯ ಅದನ್ನು ಬಿಚ್ಚಿಸಿ, ಚೀಲಕ್ಕೆ ಹಾಕುವ ಮೊದಲು ಮೂಗಿನ ಹತ್ತಿರ ಹಿಡಿದ.

“ಏನ್ರೀ ಅದು, ಮಾವಿನಹಣ್ಣಾ?” ಎಂದರು ನೀಲಾಂಬಿಕೆ.

“ವಾರ್ನಿಷ್ ವಾಸ್ನೆ ಬತ್ತೈತೆ ಮೇಡಂ.”

“ಮೋಟಾರಲ್ಲಿ ವಾರ್ನಿಷ್ ಇರಲ್ವಾ?”

“ಇರ್ತದೆ. ತಿಂಗಳಾದ್ರೆ ವಾಸ್ನೆ ಓಯ್ತದೆ. ಇದಿನ್ನೂ ಹಸಿ ಕಣ ಮೇಡಂ, ಯಾರೋ ಈಚೆಗೆ ತಂತಿ ಸುತ್ತವ್ರೆ. ದಾರ ನೋಡಿ ಬೇಕಾರೆ. ಫ್ಯಾಕ್ಟ್ರಿಯೋರು ಕಪ್ಪು ನೂಲಲ್ಲಿ ಗಂಟಾಕ್ತಾರಾ?”

ಸಣ್ಣಯ್ಯ ಓದಿದ್ದು ಏಳನೇ ತರಗತಿ. ಪೊಲೀಸಿಗೆ ಸೇರುವ ಮೊದಲು ಅಣ್ಣನ ಪಂಪ್‌ಸೆಟ್ಟು ಸುಟ್ಟಾಗಲೆಲ್ಲ ಮೋಟಾರನ್ನು ತಲೆ ಮೇಲೆ ಹೊತ್ತು ವೈಂಡಿಂಗ್ ಅಂಗಡಿಗೆ ಹೋಗಿ, ತಂತಿ ಸುತ್ತಿ ಮುಗಿಯುವವರೆಗೆ ಬಾಗಿಲಲ್ಲಿ ಕಾದವನು. ಆ ವಾಸನೆ ಅವನಿಗೆ ಅನ್ನದ ವಾಸನೆಯಷ್ಟೇ ಪರಿಚಯ.

“ಪಂಚನಾಮೆಯಲ್ಲಿ ಬರೀರಿ,” ಎಂದರು ನೀಲಾಂಬಿಕೆ.

ಸಂಜೆ 4 ಗಂಟೆಗೆ ಹಾಸನದ ಆಸ್ಪತ್ರೆ. ಅಣ್ಣಯ್ಯನ ಬಲಗಾಲು ಮೊಣಕಾಲ ಕೆಳಗೆ ಎರಡು ಕಡೆ ಮುರಿದಿತ್ತು. ನಡೆಯಬಹುದು, ಮರ ಹತ್ತುವ ಮಾತು ಬಿಡಬೇಕು ಎಂದು ವೈದ್ಯರು ಹೇಳಿದ್ದರು.

“ಮೂವತ್ತು ವರ್ಸ ಮರದ್ ಮ್ಯಾಲಿಂದ ಬೀಳ್ದೋನು, ನೆಲದಲ್ಲಿ ಕುಂತಿದ್ದು ಬಿದ್ದೆ ಕಣವ್ವ,” ಎಂದ ಅಣ್ಣಯ್ಯ.

“ಅಲ್ಲಿಗೆ ಯಾಕೆ ಹೋಗಿದ್ದೆ?” ಎಂದರು ನೀಲಾಂಬಿಕೆ.

“ನನ್ ಕೆಲಸ ಕಿತ್ಕಳಾಕೆ ಬಂದೈತಲ್ಲ, ಮುಖ ನೋಡವಾ ಅಂತ. ‘ಮೇಷ್ಟ್ರೇ, ಈ ಕೊಡತಿಹುಳ ಕಾಯಿ ಕೀಳ್ತದಾ’ ಅಂದೆ. ಎಲ್ರೂ ನಕ್ರು. ಮೇಷ್ಟ್ರೂ ನಕ್ರು.”

“ಆಮೇಲೆ?”

“ತಿರುಗ್ಸುದ್ರು. ಓದ್ ತಿಂಗ್ಳೂ ನಮ್ ತ್ವಾಟದಲ್ಲೇ ತಿರುಗ್ಸಿದ್ರು, ಆಗ ಇಂಗೆ ಕೂಗ್ಲಿಲ್ಲ. ಈ ಸಲ ಕಿವಿಗೆ ಕಡ್ಡಿ ಆಕ್ದಂಗೆ ಕಿರಗುಟ್ತು. ಅವ್ರ ಜೊತೇಲಿ ಒಬ್ಬ ರವೀಶ ಅಂತ ಅವ್ನಲ್ಲ, ಅವ್ನು ಸರಕ್ಕನೆ ಮರದ್ ಇಂದಕ್ಕೆ ಓದ. ಇದ್ಯಾಕಪ್ಪ ಇವ್ನು ಓಗ್ತಾವ್ನೆ ಅಂತ ಅವ್ನ್ ಕಡೆ ನೋಡ್ದೆ, ಅಷ್ಟ್ರಲ್ಲಿ ಬಂತು.”

“ರೆಕ್ಕೆ ಕೀಳೋಕೆ ಮೊದಲೇ ಹೋದನಾ?”

“ಮೊದ್ಲೇ ಕಣವ್ವ. ನನ್ ಕಾಲಾಣೆ.” ಹೇಳಿದವನು ಕಾಲಿನ ಕಟ್ಟು ನೋಡಿ ತಾನೇ ನಕ್ಕ. ಮರಿಯಮ್ಮ ನಗಲಿಲ್ಲ.

17-2-2009, ಬೆಳಿಗ್ಗೆ 9 ಗಂಟೆ. ಹೊಳೆನರಸೀಪುರದ ಮನೆಯಲ್ಲಿ ಯೋಗಾನರಸಿಂಹ ಪೊಲೀಸರನ್ನು ಕಂಡ ಕೂಡಲೇ ಎದ್ದು ಅಂಗಿ ತೊಟ್ಟುಕೊಂಡರು. ಹೆಂಡತಿ ಕನಕಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತರು.

“ಭಾನುವಾರದಿಂದ ಒಂದು ತುತ್ತು ಮುಟ್ಟಿಲ್ಲ ಮೇಡಂ. ಲಾಯರು ಬೇಡವಂತೆ, ಜಾಮೀನು ಬೇಡವಂತೆ. ಜೈಲಿಗೇ ಹೋಗ್ತೀನಿ ಅಂತ ಕೂತಿದ್ದಾರೆ.”

“ತಪ್ಪು ನನ್ನದು,” ಎಂದರು ಯೋಗಾನರಸಿಂಹ. “ಇದೇ ಮೋಟಾರು ಬೇಕು ಅಂತ ಆರಿಸಿದವನು ನಾನು. ಬರೆದುಕೊಳ್ಳಿ, ಸಹಿ ಮಾಡುತ್ತೇನೆ.”

“ಕೂತ್ಕೊಳ್ಳಿ ಸಾರ್. ಹೇಗೆ ಆರಿಸಿದ್ರಿ, ಅದನ್ನು ಹೇಳಿ,” ಎಂದರು ನೀಲಾಂಬಿಕೆ.

“ಐದು ತಿಂಗಳು ಆರಿಸಿದೆ.”

“ನನ್ನನ್ನು ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಮುಗಿಸೋದರೊಳಗೆ ಒಪ್ಪಿದ್ದರು,” ಎಂದರು ಕನಕಲಕ್ಷ್ಮಿ, ಕಾಫಿ ಇಡುತ್ತ. ಸಣ್ಣಯ್ಯ ಮೀಸೆಯಲ್ಲೇ ನಕ್ಕ.

ಯೋಗಾನರಸಿಂಹ ಪಾಠ ಹೇಳುವವರಂತೆ ಹೇಳಿದರು. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ. ಅದು ಉಜ್ಜಿ ಉಜ್ಜಿ ಸವೆಯುತ್ತದೆ. ಇದು ಬ್ರಷ್ ಇಲ್ಲದ ಮೋಟಾರು, ಸವೆಯುವುದಿಲ್ಲ, ಗಾತ್ರಕ್ಕೆ ಮೀರಿದ ಶಕ್ತಿ. ಒಂದು ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದರ ಮೇಲೆ ಆಯ್ಕೆ.

“ದೊಡ್ಡ ಹೆಲಿಕಾಪ್ಟರಿಗೆ ಜೋರಾಗಿ ತಿರುಗೋ ಮೋಟಾರು ಬೇಕು ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ತಪ್ಪು. ದೊಡ್ಡ ರೆಕ್ಕೆಗೆ ನಿಧಾನದ ಮೋಟಾರೇ ಬೇಕು. ಆರುನೂರು ಸುತ್ತಿನದು ಬಿಟ್ಟು ನಾನೂರರದು ತಂದೆ. ನನ್ನ ಬ್ಯಾಟರಿ ನಲವತ್ತೆರಡು ವೋಲ್ಟು. ಹಲ್ಲಿನ ಚಕ್ರ ಹನ್ನೊಂದು ಪಾಲು ಇಳಿಸುತ್ತದೆ. ಕೊನೆಗೆ ರೆಕ್ಕೆಗೆ ಬರೋದು ನಿಮಿಷಕ್ಕೆ ಸಾವಿರದ ಐನೂರು ಸುತ್ತು. ಮರದ ರೆಕ್ಕೆ ಸಾವಿರದ ಎಂಟುನೂರರವರೆಗೆ ತಡೆಯುತ್ತದೆ.”

“ಸರಿಯಾಗೇ ಇದೆಯಲ್ಲ ಸಾರ್. ತಪ್ಪೆಲ್ಲಿ?”

“ಬೆಂಗಳೂರಿನ ಸ್ನೇಹಿತರು ಕಡಿಮೆ ಶಕ್ತಿಯದು ಸಾಕು ಅಂದಿದ್ದರು. ಕ್ಯಾಮೆರಾ ತೂಕವಿದೆ ಅಂತ ನಾನು ಕೇಳಲಿಲ್ಲ. ಅವರ ಮಾತು ಕೇಳಿದ್ದರೆ ಆ ಮನುಷ್ಯನ ಕಾಲು ಉಳಿಯುತ್ತಿತ್ತು.”

“ಸುತ್ತು ಅಳೆದಿದ್ರಾ?”

ಕನಕಲಕ್ಷ್ಮಿ ಒಳಗಿನಿಂದ ನೋಟ್‌ಬುಕ್ ತಂದರು. ಕೊನೆಯ ಬರಹ 1-2-2009ರದು: 1510.

“ಭಾನುವಾರ ಅಳೆದ್ರಾ?”

“ಇಲ್ಲ. ಎರಡು ವಾರದಲ್ಲಿ ಏನು ಬದಲಾಗುತ್ತದೆ?”

“ಈ ಎರಡು ವಾರ ನೀವು ಮನೆಯಲ್ಲೇ ಇದ್ರಾ?”

“ಐದನೇ ತಾರೀಕಿನಿಂದ ಹತ್ತರವರೆಗೆ ಮೈಸೂರಿನಲ್ಲಿ, ಕಣ್ಣಿನ ಆಪರೇಷನ್‌ಗೆ.”

“ಯಂತ್ರ ಇಟ್ಟ ಕೋಣೆಯ ಬೀಗದ ಕೈ?”

“ರವೀಶನ ಹತ್ತಿರ. ಕಾಲೇಜಿನಲ್ಲಿ ನನ್ನ ಲ್ಯಾಬ್ ಅಟೆಂಡರು. ನಾನು ನಿವೃತ್ತನಾದ ಮೇಲೂ ಬಂದು ಸಹಾಯ ಮಾಡುತ್ತಾನೆ.”

“ಅವರೂ ಹಾರಿಸ್ತಾರಾ?”

“ಅವನೇ? ಇಲ್ಲ ಇಲ್ಲ. ತಂತಿ ಬೆಸೆಯುತ್ತಾನೆ, ಬ್ಯಾಟರಿ ತುಂಬುತ್ತಾನೆ. ಹೇಳಿದ್ದು ಮಾಡುತ್ತಾನೆ, ಅಷ್ಟೇ.”

ಅದೇ ದಿನ ಮಧ್ಯಾಹ್ನ 2.40ಕ್ಕೆ ಹಾಸನದಲ್ಲಿ ಒಬ್ಬ ಎಲೆಕ್ಟ್ರಿಕಲ್ ಬೋಧಕರ ಮುಂದೆ ಮೋಟಾರನ್ನು ತಿರುಗಿಸಿ ಅಳೆಯಲಾಯಿತು. ಮೈಮೇಲಿನ ಚೀಟಿಯಲ್ಲಿ 400 ಎಂದಿತ್ತು. ತಿರುಗಿದ್ದು ವೋಲ್ಟಿಗೆ 532. ಲೆಕ್ಕ ಹಾಕಿದರೆ ರೆಕ್ಕೆ ಎರಡು ಸಾವಿರ ಸುತ್ತು ದಾಟುತ್ತದೆ.

“ಒಳಗಿನ ತಂತಿ ಬದಲಾಗಿದೆ,” ಎಂದರು ಬೋಧಕರು. “ತಂತಿಯ ಸುತ್ತು ಕಡಿಮೆ ಮಾಡಿದರೆ ವೇಗ ಏರುತ್ತದೆ.”

18-2-2009. ಚನ್ನರಾಯಪಟ್ಟಣದ ವೈಂಡಿಂಗ್ ಅಂಗಡಿಯವನು ಮೋಟಾರನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ. “ನಂದಲ್ಲ ಸಾ. ನಾನು ಬಿಳೀ ಟೇಪಲ್ಲಿ ಕಟ್ತೀನಿ. ಕಪ್ಪು ನೂಲು, ಮೂರು ಗಂಟು ಅಂದ್ರೆ ಅರಕಲಗೂಡಿನ ಗಂಗಾಂಬಿಕೆ.”

ಮಧ್ಯಾಹ್ನ 1.10ಕ್ಕೆ ಜೀಪು ಅರಕಲಗೂಡಿನ ಅಂಗಡಿ ಮುಂದೆ ನಿಂತಿತು. ಗಂಗಾಂಬಿಕೆ ಐವತ್ತರ ಹೆಂಗಸು. ಕಾಲಿನ ನಡುವೆ ಬೋರ್‌ವೆಲ್ ಮೋಟಾರು ಇಟ್ಟುಕೊಂಡು ತಂತಿ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಏನ್ ಸಾ, ಸ್ಟೇಷನ್ ಬೋರೂ ಸುಟ್ಟೋಯ್ತಾ?”

ಸಣ್ಣಯ್ಯ ಮೋಟಾರು ತೋರಿಸಿದ. ಈಗ ಕೈ ನಿಲ್ಲಿಸಿದಳು.

“ಓ, ಈ ಮರೀನಾ! ನಾನೇ ಸುತ್ತಿದ್ದು. ಓದ್ ವಾರ, ಮಂಗಳವಾರ.”

“ಮೊದಲು ಎಷ್ಟು ಸುತ್ತಿತ್ತು?”

“ಒಳಗಿನ ಒಂದೊಂದು ಗೂಟಕ್ಕೂ ಎಂಟು ಸುತ್ತು. ನಾನು ದಪ್ಪ ತಂತೀಲಿ ಆರಾಕ್ದೆ.”

“ಯಾಕೆ?” ಎಂದರು ನೀಲಾಂಬಿಕೆ.

ಗಂಗಾಂಬಿಕೆ ಈ ಪ್ರಶ್ನೆಯೇ ವಿಚಿತ್ರ ಎನ್ನುವಂತೆ ನೋಡಿದಳು. “ನಮ್ ಕಡೆ ಕರೆಂಟಲ್ಲಿ ಕಸುವೆಲ್ಲೈತೆ ತಾಯಿ? ಕಂಪ್ನಿ ಸುತ್ತಿದಂಗೇ ಸುತ್ತುದ್ರೆ ನೀರೆತ್ತಕಿಲ್ಲ, ಮೂರು ದಿನಕ್ಕೆ ಸುಟ್ಟೋಯ್ತದೆ. ನಾನು ಎಲ್ರಿಗೂ ಸುತ್ತು ಕಮ್ಮಿ ಮಾಡೇ ಕೊಡದು. ಅವರೇನು ಕೇಳಕಿಲ್ಲ, ನಾನೇನು ಏಳಕಿಲ್ಲ. ಇದೂ ಸುಟ್ಟು ಬಂದಿತ್ತಲ್ಲ, ಪಾಪ, ಇನ್ನೊಂದ್ಸಲ ಸುಡದು ಬ್ಯಾಡ ಅಂತ ಅಂಗೇ ಮಾಡ್ದೆ.”

“ತಂದವನು ಹಾಗೆ ಹೇಳಿದ್ನಾ?”

“ಇಲ್ಲ. ‘ಇದ್ದಂಗೇ ಸುತ್ತಿ, ಸಂಜೆ ಒಳಗೆ ಬೇಕು’ ಅಂದ. ಯಾತಕ್ಕಪ್ಪಾ ಇದು ಅಂದ್ರೆ ಆಟದ ಸಾಮಾನು ಅಂದ. ನಲವತ್ತೈದು ವರ್ಸ ಇರ್ಬೌದು. ಎಡಗೈ ಎಬ್ಬೆಟ್ಟಲ್ಲಿ ಸುಟ್ಟ ಕಲೆ. ಬೆಸುಗೆ ಮಾತ್ರ ನಂಗೆ ಬುಡ್ಲಿಲ್ಲ, ಅವ್ನೇ ಆಕ್ದ. ಇಪ್ಪತ್ತು ವರ್ಸದಿಂದ ಮಾಡ್ತಾ ಇವ್ನಿ, ಅಂತ ಬೆಸುಗೆ ನಾನ್ ಕಾಣೆ.”

ಹೊಳೆನರಸೀಪುರದ ಕಾಲೇಜಿನ ಲ್ಯಾಬಿಗೆ ತಲುಪಿದಾಗ 3.50. ರವೀಶ್ ತಕ್ಕಡಿಯ ಗಾಜು ಒರೆಸುತ್ತಿದ್ದ. ನೀಲಾಂಬಿಕೆ ಮೇಜಿನ ಮೇಲೆ ಮೋಟಾರು ಇಟ್ಟರು.

“ಅರಕಲಗೂಡಿಗೆ ಯಾವಾಗ ಹೋಗಿದ್ರಿ?”

“ನಾನು ಓಗಿಲ್ಲ ಮೇಡಂ.”

ಸಣ್ಣಯ್ಯ ಸ್ಟೂಲು ಎಳೆದುಕೊಂಡು ಅವನ ಎದುರು ಕುಳಿತ. “ಗಂಗಾಂಬಿಕೆ ನಿನ್ ಬೆಸುಗೆನ ಒಗಳ್ತಿದ್ಲು ಕಣಪ್ಪ.”

ರವೀಶ್ ಒರೆಸುವ ಬಟ್ಟೆ ಕೆಳಗಿಟ್ಟ. ಕೇಳಿದ: “ಏನಂದ್ರು?”

“ಅಂತದ್ದು ಕಂಡಿಲ್ಲ ಅಂದ್ಲು.”

“ಅಂಗಂದ್ರಾ,” ಎಂದ. ಆಮೇಲೆ ಎಲ್ಲವನ್ನೂ ಹೇಳಿದ.

ಮೇಷ್ಟ್ರು ಮೈಸೂರಿಗೆ ಹೋದ ಮರುದಿನದಿಂದ ನಾಲ್ಕು ಬೆಳಿಗ್ಗೆ ಹೊಳೆ ದಂಡೆಯ ಬಯಲಿನಲ್ಲಿ ಅದನ್ನು ಹಾರಿಸಿದ್ದ. ಯಂತ್ರ ಮಗುಚದಂತೆ ಅದರ ಕಾಲಿಗೆ ಬಿದಿರು ಕಡ್ಡಿ ಕಟ್ಟಿ ಮೊದಲು ಮೊಣಕಾಲೆತ್ತರ, ಆಮೇಲೆ ಆಳೆತ್ತರ, ನಾಲ್ಕನೆಯ ದಿನ ಎರಡು ತೆಂಗಿನಮರದೆತ್ತರ. ಇಳಿದ ಮೇಲೆ ಮೋಟಾರಿನಿಂದ ಹೊಗೆ ಬಂತು. ಮಂಗಳವಾರ ಅರಕಲಗೂಡಿಗೆ ಹೋಗಿ ತಂತಿ ಸುತ್ತಿಸಿ ತಂದು ಕೂರಿಸಿದ. ತಿರುಗಿಸಿ ನೋಡಲು ಹೊತ್ತಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಬಂದಿದ್ದರು.

“ಭಾನುವಾರ ಸದ್ದು ಕೇಳಿದ ಕೂಡಲೇ ಗೊತ್ತಾಯ್ತಾ?” ಎಂದರು ನೀಲಾಂಬಿಕೆ.

“ಗೊತ್ತಾಯ್ತು.”

“ನಿಲ್ಸಿ ಅನ್ನಲಿಲ್ಲ.”

“ಬಾಯಿಗೆ ಬಂತು ಮೇಡಂ. ಅಂದ್ರೆ ಯಾಕೆ ಅಂತ ಕೇಳ್ತಾರೆ. ನಾನು ಮುಟ್ಟಿದ್ದು ಗೊತ್ತಾಯ್ತದೆ.”

“ರೆಕ್ಕೆ ಕೀಳೋಕೆ ಎಷ್ಟು ಹೊತ್ತಿತ್ತು?”

“ಎಂಟತ್ತು ಸೆಕೆಂಡು.”

“ಅಷ್ಟರಲ್ಲಿ ನೀವು ಮರದ ಹಿಂದೆ ಹೋದ್ರಿ.”

ರವೀಶ್ ತಕ್ಕಡಿಯ ಬಾಗಿಲು ಮುಚ್ಚಿದ. 4.25ಕ್ಕೆ ಬಂಧಿಸಲಾಯಿತು.

ಠಾಣೆಗೆ ಬಂದ ಮೇಲೆ ನೀಲಾಂಬಿಕೆ ಹೊಳೆನರಸೀಪುರಕ್ಕೆ ಫೋನ್ ಮಾಡಿದರು. “ಸಾರ್, ನೀವು ಆರಿಸಿದ ಮೋಟಾರು ಸರಿಯಾಗೇ ಇತ್ತು. ನೀವಿಲ್ಲದಾಗ ರವೀಶ್ ಹಾರಿಸಿ, ಅದು ಸುಟ್ಟ ಮೇಲೆ ಬೇರೆ ತಂತಿ ಸುತ್ತಿಸಿದ್ದಾರೆ. ನಿಮ್ಮನ್ನು ಆರೋಪಿ ಪಟ್ಟಿಯಿಂದ ತೆಗೆದು ಸಾಕ್ಷಿ ಮಾಡ್ತೀವಿ. ಊಟ ಮಾಡಿ.” ಆ ಕಡೆಯಿಂದ ಯೋಗಾನರಸಿಂಹ ಕೇಳಿದ್ದು ಇಷ್ಟೇ: “ರವೀಶ ಹಾರಿಸಿದನೇ? ಯಾರು ಹೇಳಿಕೊಟ್ಟರು?”

ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಇಚ್ಛಾ ಹೇಳಿಕೆಯಲ್ಲಿ ಅದೂ ಬಂತು. ಊಟದ ಬಿಡುವಿನಲ್ಲಿ ಬರೀ ರಿಮೋಟು ಹಿಡಿದು ಮೂರು ವರ್ಷ ಬೆರಳು ಪಳಗಿಸಿಕೊಂಡಿದ್ದನಂತೆ. ಸಣ್ಣಯ್ಯ ಗುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆಯುತ್ತಿದ್ದ.

“ಯಾವ್ ಮೋಟಾರು ತರದು ಅಂತ ಐದು ತಿಂಗಳು ಆರ್ಸುದ್ರು ಸಾ. ಬೆಂಗಳೂರೋರ್ನ ಕೇಳುದ್ರು, ಮೈಸೂರೋರ್ನ ಕೇಳುದ್ರು. ಒಂದೊಂದು ತಂತಿನೂ ಬೆಸೆದೋನು ಪಕ್ಕದಲ್ಲೇ ನಿಂತಿದ್ದೆ. ‘ರವೀಶ, ನೀನೇನಂತೀಯಾ’ ಅನ್ನಲಿಲ್ಲ. ಕೇಳಿದ್ರೆ ನಾನೂ ಆ ನಾನೂರರದ್ದೇ ಅಂತಿದ್ದೆ.”

ಸಣ್ಣಯ್ಯ ಬರೆದ.

“ಇನ್ನೊಂದು ಬರ್ಕಳಿ ಸಾ. ಎರಡು ಮರದೆತ್ತರದಿಂದ ನಾನು ಅದನ್ನ ಒಂದು ಗೀರೂ ಬೀಳ್ದಂಗೆ ಇಳ್ಸಿದೀನಿ. ಹೊಗೆ ಬಂದಿದ್ದು ಇಳ್ಸಿದ್ ಮ್ಯಾಲೆ.”

“ಅದು ಕೇಸಿಗೆ ಬೇಕಾಗಿಲ್ಲ,” ಎಂದರು ನೀಲಾಂಬಿಕೆ.

“ಇರ್ಲಿ ಮೇಡಂ,” ಎಂದ ಸಣ್ಣಯ್ಯ. ಬರೆದ: ‘ಯಾವುದೇ ಪೆಟ್ಟಾಗದಂತೆ ಇಳಿಸಿರುತ್ತೇನೆ.’ ಆಮೇಲೆ ಮೂರು ಹಾಳೆಯನ್ನೂ ಮೊದಲಿನಿಂದ ಓದಿ ನೋಡಿದ. ಹೆಲಿಕಾಪ್ಟರು ಇತ್ತು, ಮೇಷ್ಟ್ರು ಇದ್ದರು, ಬೆಸುಗೆ ಇತ್ತು.

“ರವೀಶ, ಆ ಎಂಟತ್ತು ಸೆಕೆಂಡಲ್ಲಿ ನಿನ್ನೆದುರುಗಡೆ ಒಬ್ಬ ಕುಂತಿದ್ನಲ್ಲ. ಅವ್ನ ಎಸರು ಇದ್ರಲ್ಲಿ ಎಲ್ಲೂ ಬಂದಿಲ್ಲ ಕಣಪ್ಪ. ನಾನಾಗಿ ಬರೆಯಾಕಿಲ್ಲ. ನೀನೇ ಬಾಯ್ಬಿಟ್ಟು ಏಳು.”

ರವೀಶ್ ಎಡಗೈ ಹೆಬ್ಬೆಟ್ಟಿನ ಸುಟ್ಟ ಕಲೆಯನ್ನು ಉಜ್ಜಿಕೊಂಡ. ಸಣ್ಣಯ್ಯ ಪೆನ್ನನ್ನು ಹಾಳೆಯ ಮೇಲೆ ಹಿಡಿದು ಕಾದ. ಅವನಿಗೆ ಅವಸರವಿರಲಿಲ್ಲ.