ಶ್ವೇತಳಿಗೆ ಕೇಳಿಸದ ಖೋ

“ಖೋ!” ಅರ್ಪಿತಾ ಸಾಲಿನಲ್ಲಿ ಕೂತಿದ್ದ ಶ್ವೇತಳ ಬೆನ್ನು ತಟ್ಟಿ ಕೂಗಿದಳು. ಅವಳು ಏಳಲಿಲ್ಲ. ಕಣ್ಣು ತೆರೆದೇ ಇತ್ತು. ರೆಪ್ಪೆ ಮಾತ್ರ ಮೆಲ್ಲಗೆ ಅದುರುತ್ತಿತ್ತು.

“ಏಯ್, ಏಳೇ ಮಾರಾಯ್ತಿ!”

ಶ್ವೇತ ಎದ್ದಾಗ ಸೀಟಿ ಊದಿ ಆಗಿತ್ತು.

“ನೀನು ಬೇಕಂತಲೇ ಕೂತಿದ್ದೆ. ನಿನ್ನಿಂದ್ಲೇ ಸೋತ್ವಿ!”

“ನೀನು ಖೋ ಕೊಡ್ಲೇ ಇಲ್ಲ,” ಎಂದಳು ಶ್ವೇತ. ಅರ್ಪಿತಾ ಅವತ್ತೇ ಮಾತು ಬಿಟ್ಟಳು.

ಪಾಠದ ನಡುವೆಯೂ ಹೀಗೇ. ಟೀಚರ್ ಹೇಳಿದ ಅರ್ಧ ವಾಕ್ಯ ಎಲ್ಲೋ ಕಳೆದುಹೋಗುತ್ತಿತ್ತು. “ಹಗಲುಗನಸು ಸಾಕು,” ಎಂದು ಅಪ್ಪ ರೇಣುಕಾಪ್ರಸಾದ್ ಗದರುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅವಳ ತುತ್ತು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಅದನ್ನು ಕಂಡ ಅಪ್ಪ ಗದರಲಿಲ್ಲ. ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ತಲೆಗೆ ತಣ್ಣನೆಯ ಅಂಟು ಹಚ್ಚಿ, ಬಣ್ಣಬಣ್ಣದ ವಯರುಗಳನ್ನು ಅಂಟಿಸಿದರು.

“ಶಾಕ್ ಹೊಡೆಯತ್ತಾ?”

“ಇಲ್ಲ ಪುಟ್ಟಿ. ನಿನ್ನ ತಲೇಲಿರೋ ಕರೆಂಟನ್ನ ನೋಡತ್ತೆ ಅಷ್ಟೆ,” ಎಂದ ಡಾಕ್ಟರಮ್ಮ ಅವಳ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟರು. “ಊದ್ತಾ ಇರು.”

ಶ್ವೇತ ಊದಿದಳು. ಕೆಂಪು ಎಸಳು, ಹಳದಿ ಎಸಳು ಕಲೆತು ಕಿತ್ತಳೆಯಾದವು. ಆ ಕಿತ್ತಳೆಯಲ್ಲಿ ಕೋಣೆಯೇ ತೇಲಿದಂತಾಯಿತು.

ನೋಡಿದರೆ ಗಿರಗಿಟ್ಲೆ ನಿಂತಿತ್ತು. ಬಾಗಿಲಲ್ಲಿದ್ದ ಅಪ್ಪ ಯಾವಾಗಲೋ ಪಕ್ಕಕ್ಕೆ ಬಂದಿದ್ದರು.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸಿದರು. ಮೊದಲು ಒಂದೊಂದು ಗೆರೆ ಒಂದೊಂದು ತರ. ಆಮೇಲೆ, ಗಿರಗಿಟ್ಲೆ ನಿಂತ ಹೊತ್ತಿಗೆ, ಎಲ್ಲವೂ ಒಟ್ಟಿಗೇ ಏರಿ, ಒಟ್ಟಿಗೇ ಇಳಿದು, ದೊಡ್ಡ ದೊಡ್ಡ ಅಲೆಗಳು.

“ಮಿದುಳಿನ ಕೋಶಗಳು ಸಣ್ಣ ಕರೆಂಟಲ್ಲಿ ಮಾತಾಡ್ಕೊಳ್ತಾವೆ. ತುಂಬಾ ಕೋಶ ಒಂದೇ ತಾಳಕ್ಕೆ ಬಂದ್ರೆ, ಸುತ್ತಲಿನ ವಿದ್ಯುತ್ತಿನ ಸೆಳೆತ ಅಕ್ಕಪಕ್ಕದವನ್ನೂ ಅದೇ ತಾಳಕ್ಕೆ ಎಳೀಬಹುದು. ಆಗ ಎಲ್ಲಾ ಒಟ್ಟಿಗೇ ತೂಗ್ತಾವೆ. ಹೊರಗಿಂದು ಕೇಳಿಸ್ಕೊಳಕ್ಕೆ ಯಾವುದಕ್ಕೂ ಬಿಡುವಿರಲ್ಲ.”

“ಆಗ ನಾನು ಎಲ್ಲಿಗೆ ಹೋಗಿರ್ತೀನಿ?”

“ಎಲ್ಲಿಗೂ ಇಲ್ಲ. ಮಾತ್ರೆ ಕೊಡ್ತೀನಿ, ಕಡಿಮೆ ಆಗತ್ತೆ.”

ಬಸ್ಸಿನಲ್ಲಿ ಅಪ್ಪ ಅವಳ ಕೂದಲಿಗೆ ಅಂಟಿದ್ದ ಅಂಟನ್ನು ಒಂದೊಂದೇ ಎಳೆಯಿಂದ ಬಿಡಿಸುತ್ತ ಕೂತರು. “ಸುಮ್‌ಸುಮ್ನೆ ಬೈದ್ನಲ್ಲ ಮಗಾ,” ಎಂದರು. ಶ್ವೇತ ಅವರ ತೋಳಿಗೆ ಒರಗಿದಳು. ತಾನೂ ಸುಳ್ಳು ಹೇಳಿರಲಿಲ್ಲ, ಅರ್ಪಿತಾನೂ ಹೇಳಿರಲಿಲ್ಲ. ಕಿಟಕಿಯಾಚೆ ಮರಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು.

ಮರುದಿನ ಅವಳು ನೆಟ್ಟಗೆ ಅರ್ಪಿತಾಳ ಬೆಂಚಿನ ಹತ್ತಿರ ಹೋದಳು. “ನೀನು ಖೋ ಕೊಟ್ಟಿದ್ದೆ ಕಣೆ. ನಂಗೆ ಕೇಳಿಸ್ಲಿಲ್ಲ,” ಎಂದು ಶುರುಮಾಡಿ, ಅಲೆಗಳ ಕತೆಯನ್ನೆಲ್ಲ ಹೇಳಿದಳು.

ಅರ್ಪಿತಾ ಅವಳ ಕಡೆ ತಿರುಗಿ ಕೇಳಿದಳು, “ಮತ್ತೆ ಹಂಗಾದ್ರೆ ನಾನೇನ್ ಮಾಡ್ಲಿ?”

ಶ್ವೇತ ಯೋಚಿಸಿದಳು.

“ಏನೂ ಬೇಡ. ಸ್ವಲ್ಪ ಹೊತ್ತು ಪಕ್ಕದಲ್ಲೇ ಇರು.”

ಅರ್ಪಿತಾ ತನ್ನ ಬ್ಯಾಗನ್ನು ಎತ್ತಿ ಕೆಳಗಿಟ್ಟು, ಬೆಂಚಿನಲ್ಲಿ ಜಾಗ ಮಾಡಿದಳು.