ಲೈಬ್ರರಿಯಿಂದ ಹದಿನೇಳು ದೂರು

'ಕೌಂಟರ್ ಹತ್ತಿರ ನೆಟ್ ಸಿಗುತ್ತಿಲ್ಲ. ದಯವಿಟ್ಟು ಬಂದು ನೋಡಿ.'

ಲೈಬ್ರರಿಯಿಂದ ಬಂದ ಹದಿನೇಳನೆಯ ದೂರು ಅದು. ಹಿಂದಿನ ಹದಿನಾರರಲ್ಲೂ ಇದೇ ಎರಡು ಸಾಲು, ಒಂದಕ್ಷರ ಆಚೀಚೆ ಇಲ್ಲ. ಪಾಸ್‌ವರ್ಡ್ ಅಕ್ಕ ಅದನ್ನು ಓದಿ, ನಗು ನುಂಗಿಕೊಂಡು, ಲ್ಯಾಪ್‌ಟಾಪ್ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಳು.

ಆ ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಎರಡು ಸಾವಿರ ಮಂದಿಯನ್ನು ವೈಫೈಗೆ ಸೇರಿಸುವುದು ಅವಳ ಕೆಲಸ. ಮೊದಲ ವಾರವಂತೂ ಅವಳ ಕಿಟಕಿಯಿಂದ ಸೈಕಲ್ ಸ್ಟ್ಯಾಂಡಿನ ತನಕ ಸಾಲು. ಪಾಸ್‌ವರ್ಡ್ ಮರೆತವರು, ಬರೆದಿಟ್ಟ ಚೀಟಿ ಕಳೆದವರು, ಅಪ್ಪನ ಹಳೇ ಫೋನು ಹಿಡಿದು "ಅಕ್ಕ, ಇದರಲ್ಲೂ ಬರುತ್ತಾ?" ಎಂದು ಮೆಲ್ಲಗೆ ಕೇಳಿದವರು. ಬರುವಂತೆ ಮಾಡಿಯೇ ಕಳಿಸಿದ್ದಳು.

ಆ ಸಾಲಿನ ಕೊನೆಯಲ್ಲಿ ಒಂದು ದಿನ ಲೈಬ್ರರಿಯನ್ ನಿಂತಿದ್ದ. ಮಾತಿಗೆ ಮುಂಚೆ ತುಟಿಯ ಮೇಲೆ ಬೆರಳಿಡುವ ಅಭ್ಯಾಸಕ್ಕೆ ಹುಡುಗರು ಅವನನ್ನು ಶ್ ಸರ್ ಎನ್ನುತ್ತಿದ್ದರು. ಕೈಯಲ್ಲಿ ನಲವತ್ತೆರಡು ಹೆಸರುಗಳ ಪಟ್ಟಿ.

"ಇವರಿಗೆ ನೆಟ್ ಇಲ್ಲ. ಗೊತ್ತಿಲ್ಲ ಅಂದ್ರೆ ಯಾರಾದ್ರೂ ನಗ್ತಾರೇನೋ ಅಂತ ಸಾಲಲ್ಲಿ ನಿಲ್ಲೋಕೆ ಹಿಂಜರೀತಾರೆ. ಲೈಬ್ರರಿಗೆ ಬಂದು ಸುಮ್ನೆ ಕೂತಿರ್ತಾರೆ. ನೀವೇ ಒಂದ್ಸಲ ಬರ್ತೀರಾ?"

ಅವಳು ಮೂರು ಮಧ್ಯಾಹ್ನ ಹೋದಳು. ನಲವತ್ತೆರಡನೆಯ ಹುಡುಗಿಯ ಫೋನಿನಲ್ಲಿ ಪಾಠದ ಪುಟ ತೆರೆದುಕೊಂಡಾಗ ಅವನು ನಕ್ಕ. ಅಷ್ಟು ಗಂಭೀರ ಮುಖದಲ್ಲಿ ಅಂಥ ನಗು ಎಲ್ಲಿ ಅಡಗಿತ್ತೋ. ಪಾಸ್‌ವರ್ಡ್ ಅಕ್ಕನಿಗೆ ತನ್ನದೇ ಪಾಸ್‌ವರ್ಡ್ ಮರೆತುಹೋಯಿತು.

ಮುಂದಿನ ವಾರದಿಂದ ದೂರು ಶುರು.

ಪ್ರತಿ ಸಲ ಅವಳು ಹೋಗಿ ಕೌಂಟರ್ ಮುಂದೆ ಲ್ಯಾಪ್‌ಟಾಪ್ ತೆರೆದು ಸಿಗ್ನಲ್ ಅಳೆಯುವಳು. ಅಳೆದ ಕಡೆಯೆಲ್ಲ ಕ್ಯಾಂಪಸ್ಸಿನ ನಕ್ಷೆಯ ಮೇಲೆ ಒಂದೊಂದು ಚುಕ್ಕೆ ಬೀಳುತ್ತಿತ್ತು. ಸಿಗ್ನಲ್ ಚೆನ್ನಾಗಿದ್ದರೆ ಹಸಿರು.

"ಚೆನ್ನಾಗೇ ಬರ್ತಿದೆಯಲ್ಲ ಸರ್."

"ಈಗ ಬರ್ತಿದೆ. ಆಗ ಇರಲಿಲ್ಲ."

"ಆಗ ಅಂದ್ರೆ ಯಾವಾಗ?"

"ನೀವು ಬರೋಕೆ ಮುಂಚೆ." ಹೇಳುವಾಗ ಅವನ ಕಣ್ಣು ಪುಸ್ತಕದ ಮೇಲೆ. ಅವಳು ತಲೆ ತಗ್ಗಿಸಿದೊಡನೆ ಆ ಕಣ್ಣು ಮೇಲೇಳುತ್ತಿತ್ತು. ಅವಳಿಗೆ ಅದು ತಿಳಿಯುತ್ತಿತ್ತು, ಅದಕ್ಕೇ ತಲೆ ತಗ್ಗಿಸುತ್ತಿದ್ದಳು.

"ಹಾಗಾದ್ರೆ ಇನ್ನೊಂದ್ಸಲ ಅಳೀತೀನಿ."

"ಅಳೀರಿ, ನಿಧಾನಕ್ಕೆ."

ಮನೆಯಲ್ಲಿ ಅತ್ತಿಗೆ ಬಿಡುತ್ತಿರಲಿಲ್ಲ. "ಏನೇ, ಲೈಬ್ರರಿ ನೆಟ್‌ಗೆ ಜ್ವರ ಬಂದಿದೆಯಾ? ದಿನಾ ಹೋಗಿ ವಿಚಾರಿಸ್ಕೊಂಡು ಬರ್ತೀಯ."

"ಕೆಲಸ ಅತ್ತಿಗೆ."

"ಹೌದೌದು. ಕೆಲಸಕ್ಕೇ ತಾನೇ ಕನ್ನಡಿ ಮುಂದೆ ಅರ್ಧ ಗಂಟೆ."

ಅವಳ ನೇಮಕ ಒಂದೇ ವರ್ಷದ್ದು. ಮುಂದುವರಿಸುವ ಮುನ್ನ ಸಮಿತಿ ದೂರುಗಳನ್ನು ನೋಡುತ್ತದೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಹದಿನೇಳನೆಯ ದೂರಿನ ಮರುದಿನ ರಿಜಿಸ್ಟ್ರಾರರ ಪತ್ರ ಬಂತು: ಹಾಸ್ಟೆಲು, ತರಗತಿ ಎಲ್ಲ ಸೇರಿ ನಾಲ್ಕು ದೂರು, ಲೈಬ್ರರಿಯೊಂದರಿಂದಲೇ ಹದಿನೇಳು. ಗುರುವಾರ ಬಂದು ವಿವರಣೆ ಕೊಡದಿದ್ದರೆ ನೇಮಕ ಮುಂದುವರಿಯುವುದಿಲ್ಲ.

ಪತ್ರವನ್ನು ಲೈಬ್ರರಿ ಕೌಂಟರ್ ಮೇಲೆ ಇಟ್ಟಳು. ಓದುತ್ತ ಓದುತ್ತ ಅವನ ಮುಖ ಬಿಳಿಚಿಕೊಂಡಿತು.

"ಇದನ್ನ... ಎಣಿಸ್ತಾರಾ?"

"ಮತ್ತೆ? ನೀವು ಬರೆದಿದ್ದೆಲ್ಲ ನನ್ನ ತಲೆ ಮೇಲೆ ಬಂದಿದೆ. ನನ್ನ ಕೆಲಸ ಹಿಡಿಸದೇ ಇದ್ರೆ ಮುಖಕ್ಕೇ ಹೇಳಬಹುದಿತ್ತು."

ಹಿಡಿಸಿಲ್ಲ ಎಂದು ಅವಳೇನೂ ನಂಬಿರಲಿಲ್ಲ. ಅವನ ಬಾಯಿಂದ ಇನ್ನೊಂದು ಮಾತು ಕೇಳಬೇಕಿತ್ತು, ಅಷ್ಟೇ. ಅವನು ಬಾಯಿ ತೆರೆದ. ಓದಲು ಕುಳಿತಿದ್ದ ಅರವತ್ತು ತಲೆಗಳು ಒಮ್ಮೆಲೇ ಎದ್ದವು. ಅವನು ಬಾಯಿ ಮುಚ್ಚಿದ. ಅವಳು ಪತ್ರ ಕಿತ್ತುಕೊಂಡು ಹೊರಟೇಬಿಟ್ಟಳು. ಮೆಟ್ಟಿಲಿಳಿಯುವಾಗ ಕಣ್ಣು ತುಂಬಿ ಬಂತು.

ಗುರುವಾರ ಹನ್ನೊಂದಕ್ಕೆ ಸಭೆ. ಮೇಜಿನ ಆ ಕಡೆ ರಿಜಿಸ್ಟ್ರಾರ್ ಮತ್ತು ಹಾಸ್ಟೆಲ್ ವಾರ್ಡನ್ ಮೇಡಂ. ಈ ಕಡೆ ಅವಳು. ದೂರು ಕೊಟ್ಟವನನ್ನೂ ಕರೆಸಿದ್ದರು; ಅವನು ಮೂಲೆಯ ಕುರ್ಚಿಯಲ್ಲಿ ಮುದುಡಿ ಕುಳಿತಿದ್ದ.

ಅವಳು ಗೋಡೆಯ ಮೇಲೆ ನಕ್ಷೆ ಮೂಡಿಸಿದಳು. ಹಾಸ್ಟೆಲಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಲೈಬ್ರರಿ ಕೌಂಟರಿನ ಸುತ್ತ ಇರುವೆ ಮುತ್ತಿದ ಹಾಗೆ, ಎಲ್ಲವೂ ಹಸಿರು.

ರಿಜಿಸ್ಟ್ರಾರ್ ಕನ್ನಡಕ ಸರಿಮಾಡಿಕೊಂಡರು. "ಪ್ರತಿ ಸಲಾನೂ ಚೆನ್ನಾಗೇ ಇದೆ. ಹಾಗಾದ್ರೆ ದೂರು ಯಾಕೆ?"

ಕುರ್ಚಿ ಸರಿದ ಸದ್ದಾಯಿತು.

"ದೂರು ಸುಳ್ಳು ಸರ್. ಹದಿನೇಳೂ ಸುಳ್ಳು." ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಕ್ಯಾಂಪಸ್ಸಿನಲ್ಲಿ ಯಾರೂ ಕೇಳಿರಲಿಲ್ಲ.

"ಸುಳ್ಳಾ? ಯಾಕ್ರೀ?"

"ದೂರು ಕೊಡದೇ ಇದ್ರೆ ಇವರು ಬರ್ತಿರಲಿಲ್ಲ. ಇವರು ಬರದ ದಿನ ಒಂದೇ ಪುಟಾನ ನಾಲ್ಕು ಸಲ ಓದಿದ್ರೂ ತಲೆಗೆ ಹತ್ತಲ್ಲ ಸರ್. ಕಾಫಿಗೆ ಕರೆಯೋಕೆ ಧೈರ್ಯ ಬರಲಿಲ್ಲ, ಫಾರ್ಮ್ ತುಂಬೋಕೆ ಬಂತು. ತಪ್ಪು ನಂದು. ಏನು ಮಾಡೋದಿದ್ರೂ ನನಗೆ ಮಾಡಿ, ಇವರ ಕೆಲಸ ಮುಟ್ಟಬೇಡಿ."

ವಾರ್ಡನ್ ಮೇಡಂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಫೈಲು ಅಲುಗುತ್ತಿತ್ತು. ಇಷ್ಟು ವರ್ಷದಲ್ಲಿ ಇಂಥ ವಿವರಣೆಯನ್ನು ಯಾವ ಕಾಲಮ್ಮಿನಲ್ಲೂ ಬರೆದು ಗೊತ್ತಿಲ್ಲದ ರಿಜಿಸ್ಟ್ರಾರ್ ಹದಿನೇಳನ್ನೂ ಹೊಡೆದುಹಾಕಿ, ನೇಮಕದ ಕಾಗದಕ್ಕೆ ಸಹಿಗೆಂದು ಪೆನ್ನೆತ್ತಿ, ಹಾಗೇ ನಿಂತರು.

"ಒಂದು ಅನುಮಾನ ಇದೆಯಮ್ಮ. ನೆಟ್ ಬರ್ತಿದೆಯೋ ಇಲ್ವೋ ಅಂತ ನೋಡೋಕೆ ನೀನು ಅಲ್ಲಿಗೆ ಹೋಗಲೇಬೇಕಾ?"

ಹೌದು ಎಂದಿದ್ದರೆ ಮುಗಿದಿತ್ತು. ಆ ಕೋಣೆಯಲ್ಲಿ ಯಾರಿಗೂ ಅದು ಸುಳ್ಳೆಂದು ಗೊತ್ತಾಗುತ್ತಿರಲಿಲ್ಲ. ಪೆನ್ನು ಕಾಗದದಿಂದ ಎರಡು ಬೆರಳು ಮೇಲಿತ್ತು. ಆದರೆ ಮೂಲೆಯಲ್ಲಿ ಒಬ್ಬ ಮನುಷ್ಯ ತನ್ನ ಮಾನವನ್ನೆಲ್ಲ ಮೇಜಿನ ಮೇಲೆ ಸುರಿದು, ಕಿವಿ ಕೆಂಪಾಗಿಸಿಕೊಂಡು ನಿಂತಿದ್ದ.

"ಬೇಕಿಲ್ಲ ಸರ್. ನನ್ನ ರೂಮಿನ ಕಂಪ್ಯೂಟರಲ್ಲೇ ಕಾಣುತ್ತೆ."

"ಮತ್ತೆ ಹದಿನೇಳು ಸಲ ಹೋಗಿದ್ದು?"

"ಅಲ್ಲಿಂದ ನೆಟ್ ಮಾತ್ರ ಕಾಣುತ್ತೆ ಸರ್," ಎಂದಳು. "ಇವರು ಕಾಣಲ್ಲ."

ಅವನು ತಲೆಯೆತ್ತಿದ. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ಸಹಿ ಹಾಕಿ ಸರ್," ಎಂದರು ವಾರ್ಡನ್ ಮೇಡಂ. "ಹೊಸ ಬ್ಯಾಚ್ ಬರೋ ಹೊತ್ತಾಯ್ತು. ಇವಳಿಲ್ಲದೆ ಆ ಮಕ್ಕಳ ಗತಿ ಏನು?"

ಪೆನ್ನು ಇಳಿಯಿತು.

ಹೊರಗೆ ಕಾರಿಡಾರಿನಲ್ಲಿ ಅವನು ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿದ.

"ಕೋಪ ಹೋಯ್ತಾ?" ಎಂದ ಅವನು.

"ಅರ್ಧ."

"ಇನ್ನರ್ಧಕ್ಕೆ ಏನು ಮಾಡಬೇಕು?"

"ಹದಿನೇಳು ಸಲ ನಾನು ಬಂದಿದ್ದೀನಿ. ಇನ್ಮೇಲೆ ನೀವು ಬನ್ನಿ."

ಸಂಜೆ ಐದಕ್ಕೆ ಅವನು ಬಂದ. ಕಿಟಕಿಯ ಮುಂದೆ ಹನ್ನೊಂದು ಮಂದಿ ವಿದ್ಯಾರ್ಥಿಗಳಿದ್ದರು. ಅವನು ಕೊನೆಗೆ ಹೋಗಿ ನಿಂತು, ತನ್ನ ಸರದಿ ಬರುವ ತನಕ ಅವಳನ್ನು ನೋಡುತ್ತಲೇ ಇದ್ದ.