ಒರತೆಯ ಬಳಿ ಕಡಿದ ಪೈಪು

"ನಮ್ಮ ಪೈಪ್ ಕಡಿದಿದ್ದು ನೀವಾ?"

ಕೊಟ್ಟಿಗೆಹಾರದ ಶಾಲೆಯ ಜಗಲಿಯಲ್ಲಿ ನಿಂತು ನಾಗಶ್ರೀ ಕೇಳಿದಳು. ಗುಡ್ಡ ಜರಿದು ಅಂದಿಗೆ ಐದನೇ ದಿನ. ಊರವರೆಲ್ಲ ಆ ಶಾಲೆಯಲ್ಲೇ ಇದ್ದರು.

ಸೌದೆ ಒಟ್ಟುತ್ತಿದ್ದ ಪ್ರಶಾಂತ್ ತಲೆ ಎತ್ತಿದ.

"ಹೌದು."

ಇಲ್ಲ ಅಂತಾನೆ, ಜಗಳಕ್ಕೆ ಬರ್ತಾನೆ ಅಂದುಕೊಂಡಿದ್ದಳು.

"ನೀರು ನಿಂತಿತು ಅಂತಲೇ ನಮ್ಮಪ್ಪ ಗುಡ್ಡ ಹತ್ತಿದ್ದು. ಸೊಂಟದವರೆಗೆ ಹೂತುಹೋದ್ರು. ಕಾಲು ಎರಡು ಕಡೆ ಮುರಿದಿದೆ. ಗೊತ್ತಾ?"

"ಗೊತ್ತು."

ಅಷ್ಟೇ ಹೇಳಿ ಸೌದೆ ಹೊತ್ತುಕೊಂಡು ಹೋದ.

'ಎಂಥ ಕಲ್ಲು ಮನಸ್ಸು ಇವನದು...'

ಅವರೂರಲ್ಲಿ ಮೇಲಿನ ಕೇರಿ ಗೌಡರದು, ಕೆಳಗಿನ ಕೇರಿ ಲಿಂಗಾಯತರದು. ಪ್ರಶಾಂತನ ಮನೆ ಮೇಲೆ, ನಾಗಶ್ರೀಯದು ಕೆಳಗೆ. ಎರಡಕ್ಕೂ ನೀರು ಗುಡ್ಡದ ಒಂದೇ ಒರತೆಯಿಂದ, ಬೇರೆ ಬೇರೆ ಪೈಪಿನಲ್ಲಿ. ಮೂವತ್ತು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ನೀರಿಗೆ ಹೊಡೆದಾಟ ಆಯಿತು. ಒಬ್ಬರ ಪೈಪ್ ಇನ್ನೊಬ್ಬರು ಮುಟ್ಟಬಾರದು, ಒಬ್ಬರ ಅಂಗಳ ಇನ್ನೊಬ್ಬರು ತುಳಿಯಬಾರದು ಅಂತ ಹಿರಿಯರು ಕಟ್ಟು ಮಾಡಿದರು. ಹೊಡೆದಾಡಿದವರಲ್ಲಿ ಅರ್ಧ ಜನ ಈಗಿಲ್ಲ. ಕಟ್ಟು ಉಳಿದಿತ್ತು. ಶಾಲೆಗೆ ಬಂದ ಮೇಲೂ ಜಗಲಿಯ ಆ ತುದಿಗೊಂದು ಒಲೆ, ಈ ತುದಿಗೊಂದು.

ಮಧ್ಯಾಹ್ನ ಪ್ರಶಾಂತನ ತಾಯಿ ಶಂಕರಮ್ಮ ಈ ತುದಿಗೆ ಬಂದರು. ನಾಗಶ್ರೀಯ ತಾಯಿ ವಿಶಾಲಾಕ್ಷಮ್ಮ ಮುಖ ತಿರುಗಿಸಿದರು.

"ಅವನನ್ನ ಬಯ್ಯಿ, ಆದ್ರೆ ಕೇಳಿಸ್ಕೊಂಡು ಬಯ್ಯಿ," ಅಂದರು ಶಂಕರಮ್ಮ ನಾಗಶ್ರೀಗೆ. "ಗುಡ್ಡ ಬಿರುಕು ಬಿಟ್ಟಿತ್ತು. ನಿಮ್ಮ ಪೈಪ್ ಒಡೆದು ನೀರೆಲ್ಲ ಆ ಬಿರುಕಿಗೇ ಇಳೀತಿತ್ತು. ಪ್ರಶಾಂತ ಒರತೆ ಹತ್ರ ಪೈಪ್ ಕಡಿದು ನೀರನ್ನ ಹಳ್ಳಕ್ಕೆ ಬಿಟ್ಟ. ಅವರಿಗೆ ಹೇಳಿ ಬಾರೋ ಅಂದೆ. ಅವರಂಗಳ ಹೇಗಮ್ಮ ತುಳೀಲಿ ಅಂದ. ನಾನೂ ಸುಮ್ಮನಾದೆ."

ಹೊರಟವರು ತಿರುಗಿ ಹೇಳಿದರು, "ನಿಮ್ಮಪ್ಪನ್ನ ಬರಿಗೈಲಿ ಕೆರೆದು ತೆಗೆದವನೂ ಅವನೇ."

ನಾಗಶ್ರೀ ಆ ತುದಿಗೆ ನೋಡಿದಳು. ಅವನ ಹತ್ತೂ ಬೆರಳಿಗೆ ಬಟ್ಟೆ ಸುತ್ತಿತ್ತು. ಬೆಳಿಗ್ಗೆ ಅಷ್ಟು ಹತ್ತಿರ ನಿಂತಿದ್ದೆನಲ್ಲ, ಹೇಗೆ ಕಾಣಲಿಲ್ಲ...

ಸಂಜೆ ಅವಳೇ ಹೋದಳು.

"ನಾಳೆ ಚಿಕ್ಕಮಗಳೂರಿಗೆ ಬಸ್ ಬಿಡ್ತಾರಂತೆ. ಆಸ್ಪತ್ರೆಗೆ ಬನ್ನಿ. ಇದನ್ನ ಅಪ್ಪಂಗೆ ನೀವೇ ಹೇಳ್ಬೇಕು."

"ಹೊರಗೆ ಹಾಕಿದ್ರೆ?"

"ಹಾಕಿಸ್ಕೊಳ್ಳಿ."

ಬಸ್ಸಿನಲ್ಲಿ ಬಿಸ್ಕತ್ತಿನ ಪೊಟ್ಟಣ ಅವನ ಕೈಗೆ ಹರಿಯಲಿಲ್ಲ. ಅವಳು ಇಸಿದುಕೊಂಡು ಹರಿದುಕೊಟ್ಟಳು.

ಆಸ್ಪತ್ರೆಯಲ್ಲಿ ಅವಳ ಅಪ್ಪ ಸೋಮಶೇಖರಪ್ಪ ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡರು.

"ಒಂದು ಮಾತು ಹೇಳ್ಬಾರದಿತ್ತಾ ಮಾರಾಯ?"

"ಹೇಳ್ಬೇಕಿತ್ತು. ತಪ್ಪು ನಂದು," ಅಂದ ಪ್ರಶಾಂತ್.

ಸೋಮಶೇಖರಪ್ಪ ಅವನ ಬಟ್ಟೆ ಸುತ್ತಿದ ಬೆರಳು ನೋಡಿದರು.

"ನೀನು ಬಂದು ಹೇಳಿದ್ರೂ ನಾನು ನಂಬ್ತಿರಲಿಲ್ಲ. ಗೌಡ್ರ ಹುಡುಗ ನೀರು ಕದಿಯೋಕೆ ಕಥೆ ಕಟ್ಟಿದ ಅಂತ ಆಗಲೂ ಗುಡ್ಡ ಹತ್ತುತ್ತಿದ್ದೆ. ನಿನ್ನದೊಂದೇ ತಪ್ಪಲ್ಲ... ಊಟ ಆಯ್ತಾ?"

ಆ ಮಾತು ಶಾಲೆಗೂ ಮುಟ್ಟಿತು. ಎರಡು ದಿನ ಬಿಟ್ಟು ವಿಶಾಲಾಕ್ಷಮ್ಮ ತಮ್ಮ ಅಕ್ಕಿ ಹೊತ್ತು ಆ ತುದಿಗೆ ನಡೆದರು.

"ನಾವು ಉಣ್ಣೋ ಹಾಗೆ ಮಾಡಿದ್ರೆ ಒಂದೇ ಒಲೆ ಸಾಕಲ್ವಾ?"

"ಸಾಕು ಬಿಡಿ," ಅಂದರು ಶಂಕರಮ್ಮ. "ಕೋಳಿ ಇಲ್ಲದೆ ನಮ್ಮ ಗಂಡಸ್ರು ಸ್ವಲ್ಪ ಸೊರಗಲಿ."

ಎಷ್ಟೋ ದಿನದ ಮೇಲೆ ಆ ಜಗಲಿಯಲ್ಲಿ ನಾಲ್ಕು ಜನ ನಕ್ಕರು.

ಪ್ರಶಾಂತ್ ಆಮೇಲೂ ಆಸ್ಪತ್ರೆಗೆ ಹೋಗುತ್ತಲೇ ಇದ್ದ. ಅವನು ಬಾರದ ದಿನ, ಅಪ್ಪನ ಜೊತೆ ಅಲ್ಲೇ ಉಳಿದಿದ್ದ ನಾಗಶ್ರೀ ಸುಮ್ಮಸುಮ್ಮನೆ ವಾರ್ಡಿನ ಬಾಗಿಲು ನೋಡುತ್ತಿದ್ದಳು.

ಅಷ್ಟರಲ್ಲಿ ಊರವರು ಶಾಲೆ ಬಿಟ್ಟು ಮನೆ ಸೇರಿದ್ದರು. ಸೋಮಶೇಖರಪ್ಪನವರನ್ನು ಮನೆಗೆ ಕಳಿಸುವ ದಿನ, ವಾರ್ಡಿನ ಹೊರಗೆ ಅವನು ಅವಳೆದುರು ನಿಂತ.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ. ಒಂದೊಲೆಯಲ್ಲಿ ಉಂಡವರು ಇದಕ್ಕೂ ಒಪ್ತಾರೆ ಅಂತ ಹೇಳಲಾರೆ. ಆದ್ರೆ ನಿಮಗೆ ಹೇಳದೆ ಇರಲಾರೆ."

ಅವಳ ಕಣ್ಣು ತುಂಬಿತು.

"ಅಪ್ಪ ಕೋಲು ಬಿಟ್ಟು ನಡೆಯೋಕೆ ಮೂರು ತಿಂಗಳು ಬೇಕಂತೆ," ಅಂದಳು. "ದಿನಾ ನಮ್ಮಂಗಳಕ್ಕೆ ಬಂದು ಅವರನ್ನ ನಡೆಸ್ತೀರಾ?"

"ಬರ್ತೀನಿ. ಮೂರು ತಿಂಗಳಾದ ಮೇಲೆ?"

"ಆಮೇಲೆ ಒಂದು ದಿನ ಬರಬೇಡಿ. ಯಾಕೆ ಬರಲಿಲ್ಲ ಅಂತ ಅಪ್ಪನೇ ಕೇಳ್ತಾರೆ."

"ಏನು ಹೇಳ್ತೀರಿ?"

"ಅವರಂಗಳಕ್ಕೆ ಹೋಗಿ ಅಳಿಯನ್ನ ಕರ್ಕೊಂಡು ಬನ್ನಿ ಅಂತೀನಿ."